ನೀರು ಸುಳ್ಳು ಹೇಳುವ ಊರು

ಇಲ್ಲಿ ನೀರು ಬೇಗ ಕುದಿಯುತ್ತದೆ.
ಕುದಿಯುವುದೇ ಬೇರೆ, ಬಿಸಿಯೇ ಬೇರೆ ಎಂದು
ಯಾರೂ ಮೊದಲೇ ಹೇಳಲಿಲ್ಲ ನನಗೆ.

ತಾರಿಹಾದ ಕಣಿವೆಯಿಂದ ಎಲ್ ಆಲ್ಟೋಗೆ ಬರುವಾಗ
ಅಜ್ಜಿಯ ಮಣ್ಣಿನ ಮಡಕೆಯನ್ನು ಕಂಬಳಿಯಲ್ಲಿ ಸುತ್ತಿ
ಇಡೀ ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೆ.
ಪಕ್ಕದವಳು ಕೂಸೆಂದುಕೊಂಡು ದನಿ ತಗ್ಗಿಸಿ ಮಾತಾಡಿದಳು.
ಮಡಕೆಯ ಹೊಟ್ಟೆಯಲ್ಲಿ ಎರಡು ಸೇರು ಪೊರೋಟೊ,
ನಮ್ಮ ಹಿತ್ತಲ ಕಾಳು, ಕೆಂಪು ಚುಕ್ಕೆಯದು.

ಮೊದಲ ಭಾನುವಾರ.
ನೆನೆಹಾಕಿದ ನೀರಿನ ಮೇಲೆ ಬೆಳಗ್ಗೆ ಮಂಜುಗಡ್ಡೆಯ ಹಪ್ಪಳ.
ಒಡೆದು ಒಲೆಗಿಟ್ಟೆ, ಏಳಕ್ಕೆ.
ಏಳೂವರೆಗೇ ಕೊತಕೊತ.
ಹನ್ನೊಂದಕ್ಕೂ ಕೊತಕೊತ.
ಎರಡು ಗಂಟೆಗೆ ಸಿಲಿಂಡರ್ ಪ್ರಾಣ ಬಿಟ್ಟಿತು,
ಕಾಳು ಹಟ ಬಿಡಲಿಲ್ಲ.
ರೆಂಬೆರ್ಟೊ ಒಂದೊಂದನ್ನೇ ಕಟಕಟ ಜಗಿದು
"ರುಚಿಯಾಗಿದೆ" ಎಂದ, ಕಣ್ಣು ತಪ್ಪಿಸಿ.
ಅತ್ತೆ ಫ್ರುಕ್ಟುವೋಸಾ ಒಂದನ್ನು ಬಾಯಿಂದ ತೆಗೆದು
ತಟ್ಟೆಗೆ ಹಾಕಿದಳು; ಟಣ್ ಎಂದಿತು.
"ನಾಲ್ಕು ಸಾವಿರ ಮೀಟರು, ಕಾಸಿಲ್ದಾ.
ನಿನ್ನ ಬೇಳೆ ಇಲ್ಲಿ ಬೇಯುವುದಿಲ್ಲ."

ಗಾದೆ ಹೇಳಿದಳೋ ಭೂಗೋಳ ಹೇಳಿದಳೋ
ಮೂರು ದಿನ ಯೋಚಿಸಿದೆ.
ನಾಲ್ಕನೆಯ ದಿನ ಗುರುವಾರ, ಸಂತೆ.

ಗುಮೆರ್ಸಿಂದಾಳ ಅಂಗಡಿಯಲ್ಲಿ ಮೊದಲು ತೋರಿಸಿದ್ದು ಕರೆಂಟಿನದು,
ಹದಿನಾಲ್ಕು ಗುಂಡಿ,
ಕೇಕಿಗೊಂದು, ಮೊಸರಿಗೊಂದು, ಗಂಜಿಗೇ ಎರಡು.
"ನಾನೆಷ್ಟು ಎತ್ತರದಲ್ಲಿದ್ದೇನೆಂದು ಇದಕ್ಕೆ ಗೊತ್ತೇ?"
ಅವಳು ನಕ್ಕಾಗ ಚಿನ್ನದ ಹಲ್ಲು ಕಂಡಿತು.
"ಪಾಪ, ಅದು ಹುಟ್ಟಿದ್ದು ಸಮುದ್ರದ ಹತ್ತಿರ."
ಅಲ್ಲದೆ ಪಕ್ಕದ ಮನೆಯವ ವೆಲ್ಡಿಂಗ್ ಶುರುಮಾಡಿದರೆ
ನಮ್ಮ ಮನೆ ಬಲ್ಬು ಒಣದ್ರಾಕ್ಷಿ.

ಆಮೇಲೆ ಹೊಸ ಅಲ್ಯೂಮಿನಿಯಂ, ಮುಖ ನೋಡಿಕೊಳ್ಳಬಹುದು,
ಎತ್ತಿದರೆ ಗಾಳಿಪಟ.
ಬೆರಳಿಂದ ತಟ್ಟಿದೆ. ತಳ ಹಿಡಿಯುವ ಜಾತಿ.

ಸಿಕ್ಕಿದ್ದು ಸಂತೆಯ ಕೊನೆಯಲ್ಲಿ,
ಸೈಕಲ್ ಚೈನು, ಬೊಂಬೆಯ ಕಾಲುಗಳ ನಡುವೆ:
ಆರು ಲೀಟರಿನ ಉಕ್ಕು, ಯಾರೋ ಬಳಸಿ ಬಿಟ್ಟದ್ದು.
ಹಿಡಿಗೆ ನೀಲಿ ನೂಲು ಒತ್ತಾಗಿ ಸುತ್ತಿತ್ತು.
ಯಾರ ಕೈ ಸುಟ್ಟಿತ್ತೋ. ಕೇಳಲಿಲ್ಲ; ಬೆಲೆ ಏರುತ್ತಿತ್ತು.
ಮುಚ್ಚಳವನ್ನು ಕಣ್ಣಿಗೆ ಹಿಡಿದೆ.
ಆವಿಯ ತೂತಿನಲ್ಲಿ ಇಲ್ಲಿಮಾನಿ ಬೆಟ್ಟದ ಹಿಮ,
ಸಾಸಿವೆಯಷ್ಟು, ಬೆಳ್ಳಗೆ.
ತೂತು ಚೊಕ್ಕವಾಗಿದೆ ಎಂದು ತಿಳಿಯಿತು.
ರಬ್ಬರು ಮಾತ್ರ ಸತ್ತಿತ್ತು. ರಬ್ಬರು ಬೇರೆ ಸಿಗುತ್ತದೆ.

ಭಾನುವಾರ ಅತ್ತೆ ಸ್ಟೂಲು ಎತ್ತಿಕೊಂಡು ಅಂಗಳಕ್ಕೆ ನಡೆದಳು.
ಅವಳ ತಂಗಿಯ ಅಡುಗೆಮನೆಯ ಮಾಡಿನಲ್ಲಿ
ಯಾವುದೋ ವರ್ಷದ ಕಾಳು ಇನ್ನೂ ಅಂಟಿಕೊಂಡಿವೆಯಂತೆ.
ನಾನೊಬ್ಬಳೇ ಉಳಿದೆ, ಅದರ ಜೊತೆ.
ಮೊದಲು ಮೌನ, ಆಮೇಲೆ ಸಣ್ಣಗೆ ಗೊಣಗಾಟ,
ಆಮೇಲೆ ತೂಕದ ಗುಂಡು ತಲೆಯಲ್ಲಾಡಿಸತೊಡಗಿತು,
ಎಲ್ಲಾ ಗೊತ್ತಿರುವ ಮುದುಕನ ಹಾಗೆ.
ಉಪ್ಪು ಕೊನೆಗೆ ಅನ್ನುತ್ತಿದ್ದಳು ಅಜ್ಜಿ,
ಮೊದಲೇ ಅನ್ನುತ್ತಾಳೆ ಅತ್ತೆ.
ಒಮ್ಮೆ ಮುಚ್ಚಿದ ಮೇಲೆ ಇದು ಯಾರ ಮಾತನ್ನೂ ಒಳಗೆ ಬಿಡದು.

ನಲವತ್ತು ನಿಮಿಷ.
ಆರಲು ಬಿಟ್ಟೆ, ಅವಸರಪಡಲಿಲ್ಲ,
ಅವಸರ ಪಟ್ಟೆ ಸ್ವಲ್ಪ.
ಮುಚ್ಚಳ ತೆಗೆದು ಒಂದು ಕಾಳನ್ನು ಚಮಚದಲ್ಲೆತ್ತಿ
ಅಜ್ಜಿ ಊದುತ್ತಿದ್ದ ಹಾಗೆ ಊದಿದೆ.
ಸಿಪ್ಪೆ ಬಿಚ್ಚಿ ಹಿಂದಕ್ಕೆ ಸುರುಳಿಯಾಯಿತು.
ಅನ್ನಕ್ಕಾದರೆ ಒಂದಗುಳು ಸಾಕು. ನಂಬದೆ ಇನ್ನೂ ಐದನ್ನು ಊದಿದೆ.

ಮೂಲೆಯಲ್ಲಿ ಮಡಕೆ, ಈಗ ನೆನೆಸುವುದಕ್ಕೆ ಮಾತ್ರ.
ಅದರತ್ತ ನೋಡಲಿಲ್ಲ, ಆ ಹೊತ್ತಿಗೆ.

"ಸಿಡಿಯಿತೇ?" ಅಂಗಳದಿಂದ.
"ಇಲ್ಲ, ಬನ್ನಿ."
ಶಾಲು ಮೂಗಿನ ತನಕ ಎಳೆದುಕೊಂಡು ಬಂದವಳು
ಮೊದಲು ಮಾಡು ನೋಡಿದಳು,
ಆಮೇಲೆ ತಟ್ಟೆ.