ಪಡಿಯಚ್ಚು

ಜಾವಗಲ್ಲು ದಾಟಿ ಮೂರು ಮೈಲಿ, ಕೆರೆಕೋಡಿಯ ಕೆಳಗೆ
ಅಂಗಾತ ಮಲಗಿದೆ ಶಾಸನ.
ತಲೆಯ ಕಡೆ ನಿಂಗಾಜಮ್ಮ ಬಟ್ಟೆ ಒಗೆಯುತ್ತಾಳೆ,
ಕಾಲ ಕಡೆಗೆ ಒಂದು ದಿನವೂ ಒಗೆದಿಲ್ಲವಂತೆ.
"ಯಾಕಜ್ಜಿ?"
"ಆ ಕಡೆ ಒಗುದ್ರೆ ಬಟ್ಟೆಗೆ ಹುಳ ಬೀಳ್ತವೆ ಕಣಪ್ಪ."
ಅವಳಿಗೆ ಓದು ಬಾರದು.

ನಕ್ಕು, ನಾರಿನ ಬ್ರಷ್ಷಲ್ಲಿ ಪಾಚಿ ತಿಕ್ಕಿದೆ.
ನೆನೆದ ಕಾಗದ ಹಾಸಿ ಬಡಿದೆ, ಮಸಿ ಒತ್ತಿದೆ.

ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು.
ಆಮೇಲೆ ಬರೀ ಉಳಿಯ ಗಾಯ.
ಕೊಟ್ಟವರಾರು, ಯಾರಿಗೆ, ಗದ್ದೆ ಎಷ್ಟು ಕೊಳಗ,
ಮೂಡಲ ಎಲ್ಲೆಗೆ ಯಾವ ಮರ,
ಯಾವನೋ ಕೆತ್ತಿ ಹಾಕಿದ್ದಾನೆ
ಅವಸರದಲ್ಲಿ, ಬಹುಶಃ ರಾತ್ರಿ.

ಹದಿನಾಲ್ಕನೇ ಸಾಲಿಗೆ ಉಳಿ ನಿಂತಿದೆ.
ಅಲ್ಲಿಂದ ಕೆಳಗೆ ಒಂದು ಕೊಂಬೂ ಮುಕ್ಕಾಗಿಲ್ಲ:
ಇದಕ್ಕೆ ಅಳುಪಿದವನು ಅರವತ್ತು ಸಾವಿರ ವರ್ಷ
ಮಲದೊಳಗೆ ಹುಳುವಾಗಿ ಹುಟ್ಟುವನು.

ಗದ್ದೆ ಕದಿಯಲು ಹೆದರದವನು
ಶಾಪ ಅಳಿಸಲು ಹೆದರಿದ.
ಅಥವಾ (ಇದು ಬುತ್ತಿ ಬಿಚ್ಚುವಾಗ ಹೊಳೆದದ್ದು)
ಗದ್ದೆ ತನ್ನದಾದ ಮೇಲೆ
ಕಾವಲಿಗೆ ಆ ಹುಳು
ಅವನಿಗೂ ಬೇಕಾಯಿತು.

ಎರಡಕ್ಕೂ ನನ್ನ ಬಳಿ ಪುರಾವೆಯಿಲ್ಲ.
ವರದಿಗೆ ಬರೆದದ್ದು ಇಷ್ಟೇ:
ಮೇಲ್ಭಾಗ ತ್ರುಟಿತ, ಕೊನೆಗೆ ಶಾಪಾಶಯ.

ಬರೆಯದೆ ಬಿಟ್ಟದ್ದು:
ಹದಿನಾಲ್ಕನೇ ಸಾಲಿಗೆ ಬಂದಾಗ
ನನ್ನ ಕೈಯೂ ಯಾಕೋ ಮೆಲ್ಲಗೆ ಬಡಿಯಿತು.
ಒಣಗಿದ ಹಾಳೆ ಬಿಸಿಲಿಗೆ ಹಿಡಿದು ನೋಡಿದರೆ
ಎಲ್ಲ ಸ್ಪಷ್ಟ,
ಹುಳು ಮಾತ್ರ ಮಸುಕು.