ತಲೆಕಟ್ಟು

ಬ್ಯಾಂಕಿನ ಚೆಕ್ಕಲ್ಲ, ಅದೊಂದು ದೇಶ,
ಅಂತ ಹೇಳಿ ಹೇಳಿ ಸಾಕಾಗಿ
ಆಂಡರ್ಸನ್‌ಪೇಟೆಯಲ್ಲಿ ಝ್ದೆನೆಕ್
ಚೆಕ್ಕಪ್ಪನಾಗಿಯೇ ಉಳಿದ.

ಗಣಿಯ ರಾಟೆ ಯಂತ್ರದ ರಿಪೇರಿಗೆ ಬಂದವನು.
ಆರು ತಿಂಗಳ ಕೆಲಸ. ಐದನೇ ತಿಂಗಳು
ಅವನೂರಿನ ಬೀದಿಗೆ ಟ್ಯಾಂಕುಗಳು ಬಂದವು.
ಇಲ್ಲಿಗೆ ತಂತಿ ಬಂತು: ಕೂಡಲೇ ಹೊರಡು.
ಮಾರಿಕುಪ್ಪಂ ಸ್ಟೇಷನ್ನಿನ ತನಕ ಹೋಗಿ
ಒಂದು ಟೀ ಕುಡಿದು
ನಡೆದುಕೊಂಡೇ ವಾಪಸಾದ.

ಅಲ್ಲಿ ಅಚ್ಚಾಗದ್ದನ್ನೆಲ್ಲ ಇಲ್ಲಿ ಹಾಕೋಣ ಅಂದ,
ಮದುವೆ ಕಾರ್ಡು, ಚೀಟಿ ರಸೀದಿ, ತಿಥಿ ಪತ್ರಿಕೆ
ಹೊಡೆದುಕೊಂಡಿದ್ದ ನಮ್ಮಪ್ಪ ವೆಂಕಟರವಣಪ್ಪನಿಗೆ.

ಇಂಗ್ಲಿಷ್ ಮೊಳೆಯಿತ್ತು. ಕೊಕ್ಕೆ ಇರಲಿಲ್ಲ.
ಅವನ ಭಾಷೆಯ ಸಿ, ಎಸ್, ಆರ್ ತಲೆಯ ಮೇಲೆ
ಕಾಗೆಮರಿ ಬಾಯಿ ತೆರೆದಂಥ ಒಂದು ಗುರುತು.
ಅಪ್ಪ ಕನ್ನಡಕ ಹಣೆಗೇರಿಸಿ ನೋಡಿದ:
"ಇದು ನಮ್ಮ ತಲೆಕಟ್ಟಲ್ಲವಾ ಸಾಮಿ?"

ಸವೆದ ಕ, ತ, ನಗಳನ್ನು ಆರಿಸಿ
ಅರದಲ್ಲಿ ಉಜ್ಜಿ ಉಜ್ಜಿ
ಇರುವೆ ಕಾಲಿನಷ್ಟು ಸೀಸ ಬಿಡಿಸಿ
ಅವನ ಅಕ್ಷರಕ್ಕೆ ಬೆಸೆದ.
ಚಿಮಟ ಹಿಡಿದವಳು ನಾನು. ಏಳು ವರ್ಷ.

ಒಂದಕ್ಷರ ಓದಲು ಬಾರದ ಭಾಷೆಯಲ್ಲಿ
ಅಪ್ಪ ಹನ್ನೊಂದು ಪುಸ್ತಕ ಜೋಡಿಸಿದ.
ರಟ್ಟಿನ ಮೇಲೆ 'ನೀರೆತ್ತುವ ಪಂಪುಗಳ ದುರಸ್ತಿ',
ಒಳಗೆ ಏನೋ. ಒಮ್ಮೆ ಕೇಳಿದೆ.
"ಇದರಲ್ಲಿ ಒಬ್ಬಳು ಬಟ್ಟೆ ಒಣಹಾಕುತ್ತಾಳೆ" ಅಂದ.
"ಅಷ್ಟಕ್ಕೇ ಹೆದರಿದರು."

ಪೋಸ್ಟಾಫೀಸಿನ ಆರೋಗ್ಯಮೇರಿ ಪಾರ್ಸೆಲ್ ತೂಗುತ್ತಾ
"ನಿಮ್ಮ ಕಡೆ ಪಂಪು ಇಷ್ಟೊಂದು ಕೆಡತ್ತಾ?" ಅನ್ನೋಳು.

ಮುದ್ದೆ ಕಂಡರೆ ಪ್ರಾಣ. ಅವರಮ್ಮನೂ ಹೀಗೇ
ಹಿಟ್ಟಿನುಂಡೆ ಬೇಯಿಸುತ್ತಿದ್ದಳಂತೆ. ಆದರೆ ಅಗಿಯುತ್ತಿದ್ದ.
ನುಂಗಬೇಕು ಸಾಮಿ, ಅಗಿಯಬಾರದು,
ಅಪ್ಪ ಇಪ್ಪತ್ತು ವರ್ಷ ಹೇಳಿದ.
ಇಪ್ಪತ್ತು ವರ್ಷವೂ ಅಗಿದ.

ನನ್ನ ಮದುವೆ ಕಾರ್ಡಿಗೆ ನೆಟ್ಟಗಿನ ಮೊಳೆ ಸಾಲಲಿಲ್ಲ.
ಕನಕವಲ್ಲಿ ಬೋಳು ತಲೆಯಲ್ಲಿ ಅಚ್ಚಾದಳು.
ಅತ್ತೆ ಅಪಶಕುನ ಅಂದರು, ಕಾರ್ಡು ಹಂಚಲಿಲ್ಲ.
ನನಗೆ ನಗು ಬಂತು, ಯಾರಿಗೆ ಹೇಳಲಿ,
ನನ್ನ ತಲೆಕಟ್ಟು ಆ ಹೊತ್ತಿಗೆ
ಹಿಮ ಬೀಳುವ ಯಾವುದೋ ಊರಿನ ಅಡುಗೆಮನೆಯಲ್ಲಿ
ಪರದೆ ಎಳೆದು ಕೂತವರ ಪಿಸುದನಿಯೊಳಗಿತ್ತು.

ಆಮೇಲೆ ಆ ಸರ್ಕಾರ ಬಿತ್ತು.
ದಪ್ಪ ಮೊಹರಿನ ಕಾಗದ ಬಂತು: ಇನ್ನು ಬರಬಹುದು.
ಎರಡು ಸಲ ಓದಿದ. ಕೆಂಪು ಪೆನ್ಸಿಲ್ ಕೇಳಿದ.
ತನ್ನ ಹೆಸರಿನ ಮೇಲೆ ಅವರು ಮರೆತಿದ್ದ ಕೊಕ್ಕೆ ಹಾಕಿ
ಅಂಚಿನಲ್ಲೊಂದು ಗೆರೆ ಎಳೆದು
ಅದೇ ಲಕೋಟೆಯಲ್ಲಿ ಹಿಂದಕ್ಕೆ ಕಳಿಸಿದ.

ಎರಡನೇ ಪ್ರೂಫ್ ಬರಲಿಲ್ಲ.