ಗಂಟಿಲ್ಲದ ಹೂವು

ನಮ್ಮ ಬೀದಿಯಲ್ಲಿ ಪಾತ್ರೆ ಬೆಳಗುವವರು ಗಂಡಸರು.
ತಾಯ್‌ಹು ಸರೋವರದ ಗಾಳಿಗೆ ಬಾಗಿಲು ತೆರೆದಿಟ್ಟು
ನಾನೂ ದಿನಾ ಬಾಣಲೆಯ ಸೀಕು ಕೆರೆಯುತ್ತೇನೆ.
ಫಂಗ್‌ಶ್ಯೆನ್ ನೀರಿಗೆ ಕೈ ಹಾಕುವಂತಿಲ್ಲ.
ಬೆರಳ ತುದಿಯಲ್ಲಿ ಒಂದು ಸಿಬಿರೆದ್ದರೂ ಸಾಕು,
ರೇಷ್ಮೆ ಅದನ್ನೇ ಹಿಡಿದು ಜಗಳಕ್ಕೆ ನಿಲ್ಲುತ್ತದೆ.

ಕರ್ಣಕುಂಡಲದ ಹೂವಿನ ಹೆಸರು ಅವಳದು.
ಹೆಸರಿಟ್ಟ ಅಜ್ಜಿಯೇ ಏಳನೇ ವರ್ಷಕ್ಕೆ ಸೂಜಿ ಕೊಟ್ಟು
ಮೊದಲ ಪಾಠ ಹೇಳಿದಳಂತೆ:
ಗಂಟು ಹಾಕಬೇಡ.
ಈ ಬಟ್ಟೆಗೆ ಬೆನ್ನಿಲ್ಲ, ಎರಡೂ ಕಡೆ ಮುಖವೇ.
ಈ ಕಡೆ ಅರಳಿದ್ದು ಆ ಕಡೆಯೂ ಅರಳಬೇಕು.

ನಾನೋ, ಗಂಟಿನವನು.
ಅಪ್ಪನ ದೋಣಿಯಲ್ಲಿ ಮಾತಿಗಿಂತ ಮೊದಲು
ಬಲೆಯ ಗಂಟು ಕಲಿತವನು.
ಬಲೆ ಅಂದರೆ ಇನ್ನೇನು,
ತೂತುಗಳನ್ನು ಗಂಟು ಹಾಕಿ ಹಿಡಿದಿಟ್ಟಿದ್ದು.
ಮದುವೆಯ ಹೊಸತರಲ್ಲಿ ಕೇಳಿದ್ದೆ:
ದಾರದ ಕೊನೆ ಎಲ್ಲಿ ಹೋಗುತ್ತದೆ?
ಮುಂದಿನ ಹೊಲಿಗೆ ಅದನ್ನು ಮುಚ್ಚಿಕೊಳ್ಳುತ್ತದೆ, ಅಂದಳು.
ಅದರ ಕೊನೆಯನ್ನು?
ಅದರ ಮುಂದಿನದು.
ಕಟ್ಟಕಡೆಯದನ್ನು?
ಹೋಗಿ ಮೀನು ಹಿಡಿ, ಅಂದಳು.

ಹಿಡಿದೆ, ಮೂವತ್ತೊಂದು ವರ್ಷ.
ಆಮೇಲೆ ಸರೋವರಕ್ಕೆ ವಿಶ್ರಾಂತಿ ಬೇಕೆಂದು
ಸರ್ಕಾರದವರು ಬಂದು ದೋಣಿ ಅಳೆದು,
ಕಾಗದಕ್ಕೆ ನನ್ನ ಹೆಬ್ಬೆರಳು ಒತ್ತಿಸಿಕೊಂಡು,
ಯಂತ್ರದ ಕೊಕ್ಕಿನಿಂದ ಅದರ ಪಕ್ಕೆಲುಬು ಮುರಿದರು.
ಬಲೆ ಮಾತ್ರ ಅಟ್ಟದ ಮೇಲಿದೆ.
ಮೋಡ ಕವಿದ ದಿನ ಇನ್ನೂ ಮೀನು ನಾರುತ್ತದೆ.

ಈಗ ಕಿಟಕಿಯ ಪಕ್ಕ ನನಗೂ ಒಂದು ಸ್ಟೂಲು.
ವೆನ್‌ಝೌ ಕಡೆಯ ಬೀಗದ ವ್ಯಾಪಾರಿಯೊಬ್ಬ
ತನ್ನ ಹಜಾರಕ್ಕೆ ಬಿಳಿ ಮುದಾನ್ ಹೂ ಬೇಕೆಂದಿದ್ದಾನೆ.
ಸಿರಿತನದ ಹೂವಲ್ಲವೇ, ದೊಡ್ಡದಿರಲಿ,
ಸೋಫಾದ ಬಣ್ಣಕ್ಕೆ ಹೊಂದಲಿ.
ಸೋಫಾದ ಫೋಟೋ ಕಳಿಸಿದ್ದಾನೆ.
ಫೋನನ್ನು ಅವಳು ಬೋರಲು ಹಾಕಿದ್ದಾಳೆ.

ಒಂದು ದಾರವನ್ನು ಉಗುರಿನಿಂದ ಎರಡು ಮಾಡುತ್ತಾಳೆ,
ಎರಡನ್ನು ನಾಲ್ಕು, ನಾಲ್ಕನ್ನು ಎಂಟು.
ಹದಿನಾರಕ್ಕೆ ಬರುವಾಗ ದಾರ ಕಾಣುವುದಿಲ್ಲ,
ಹಿಡಿದ ಬೆರಳಷ್ಟೇ ಕಾಣುತ್ತದೆ.
ನಾನು ಉಸಿರನ್ನು ಬೇರೆ ಕಡೆ ಬಿಡುತ್ತೇನೆ.

ಚಳಿಗಾಲದ ಒಂದು ಮಧ್ಯಾಹ್ನ ಸೂಜಿ ನಿಂತಿತು.
ಎರಡು ಎಳೆ ಬೆಳಕಿಗೆ ಹಿಡಿದು
"ಇವೆರಡೂ ಒಂದೇ ಬಣ್ಣವೋ, ನನ್ನ ಕಣ್ಣೋ?" ಅಂದಳು,
ನನ್ನ ಕಡೆ ನೋಡದೆ.
ಐವತ್ತೆಂಟಾಯಿತು ಅವಳಿಗೆ. ನಾನು ಆ ಮಾತು ಎತ್ತಲಿಲ್ಲ.
ಇದು, ಅಂದೆ, ಈಗಷ್ಟೇ ನೀರಿನಿಂದೆತ್ತಿದ ಬೆಳ್ಳಿಮೀನು,
ಮೈಯೊಳಗಿಂದ ಬೆಳಕು ಹಾಯುತ್ತದೆ.
ಅದು, ಬುಟ್ಟಿಯಲ್ಲಿ ಅರ್ಧ ಗಂಟೆ ಕಳೆದದ್ದು.
ಸೂಜಿಗೆ ಅವಳು ಎರಡನೆಯದನ್ನು ಪೋಣಿಸಿದಳು,
ಎಸಳಿನ ಅಂಚಿಗೆ, ಬಾಡಲು ಶುರುವಾಗುವ ಜಾಗಕ್ಕೆ.

ಹಾಗೆ ಆ ಚಳಿಗಾಲವೆಲ್ಲ
ನಾನು ಮೀನುಗಳ ಹೆಸರು ಹೇಳುತ್ತ ಹೋದೆ,
ಅವಳು ಹೂ ಮಾಡುತ್ತ ಹೋದಳು.
ಮೊಗ್ಗಿನ ಬುಡದಲ್ಲಿ ಏಡಿಯ ಕಾಲಿನ ಕೂದಲಿದೆ,
ಎಲೆಯ ನೆರಳಿನಲ್ಲಿ ಪಾಚಿ ಕಟ್ಟಿದ ನನ್ನ ದೋಣಿಯ ತಳ.
ಬೀಗದವನಿಗೆ ಹೇಳಿಲ್ಲ.

ನಾಳೆ ಗಾಜು ಹಾಕುವವರು ಬರುತ್ತಾರೆ.
ನಮ್ಮ ಗೋಡೆಯಲ್ಲೊಂದು ತೇವದ ಕಲೆ,
ಅದರ ಮೇಲೆ ಹೋದ ವರ್ಷದ ಕ್ಯಾಲೆಂಡರು.
"ಒಮ್ಮೆ ಮುಟ್ಟು," ಅಂದಳು ಇವತ್ತು,
ಮೂವತ್ತಾರು ವರ್ಷದಲ್ಲಿ ಮೊದಲ ಸಲ.
ಹಗ್ಗ ತಿಂದ ಈ ಅಂಗೈಯನ್ನು ಏನು ಮಾಡಲಿ?
ಒರೆಸಿಕೊಂಡೆ, ಮತ್ತೂ ಒರೆಸಿಕೊಂಡೆ,
ಕೊನೆಗೆ ಮಗುಚಿ,
ಮಗುವಿನ ಜ್ವರ ನೋಡುವ ಹಾಗೆ
ಕೈಯ ಬೆನ್ನನ್ನು ತಾಕಿಸಿದೆ.

"ಹೇಗಿದೆ?"
"ಒದ್ದೆ."
ಅವಳು ಗಾಬರಿಯಿಂದ ನನ್ನ ಕೈ ಕಿತ್ತುಕೊಂಡು
ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.
ಒಣಗಿತ್ತು.